ಅಮೆರಿಕ ಪ್ರಭುಗಳ ಉಗಿಬಂಡಿ

ದೇವಿದಾಸ ಪ್ರಭುಗಳು ನಮ್ಮ ಗಿರಣಿಯ ಗೇಟು ದಾಟಿ ಬಂದಾಗ ಮೊದಲು ಮನುಷ್ಯರ ಮುಖ ನೋಡುತ್ತಿರಲಿಲ್ಲ, ಚಿಮಣಿ ನೋಡುತ್ತಿದ್ದರು. ಕರಿ ಟೊಪ್ಪಿ ಹಿಂದಕ್ಕೆ ಬಿದ್ದು ಹೋಗುವಷ್ಟು ತಲೆ ಎತ್ತಿ, ಒಂದು ಕೈಯಲ್ಲಿ ಟೊಪ್ಪಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಭಾರದ ಚೀಲ ಜೋತಾಡಿಸುತ್ತ ಅಂಗಳದ ನಡುವೆ ನಿಂತುಬಿಡುತ್ತಿದ್ದರು. ಆಮೇಲೆ, "ಉಮಿ ಹಸಿ ಉಂಟು ನಾಯ್ಕರೆ, ಹೊಗೆ ಬೆಳ್ಳಗೆ ಬರ್ತಾ ಉಂಟು" ಎನ್ನುತ್ತ ನನ್ನ ಮೇಜಿನ ಹತ್ತಿರ ಬಂದು ಕೂರುತ್ತಿದ್ದರು. ನನಗೆ ಇದು ಸರಿ ಕಾಣುತ್ತಿರಲಿಲ್ಲ. ಮನೆಗೆ ಬಂದ ನೆಂಟ ನೇರವಾಗಿ ಅಡುಗೆ ಕೋಣೆಗೆ ಹೋಗಿ ಪಾತ್ರೆಯ ಮುಚ್ಚಳ ಎತ್ತಿ ನೋಡಿದ ಹಾಗೆ.

ಹಳದೀಪುರದ ಹತ್ತಿರ ಹೆದ್ದಾರಿಯ ಬದಿಗೆ ಆಗ ಒಂದು ಅಕ್ಕಿ ಗಿರಣಿ ಇತ್ತು. ಭತ್ತ ಬೇಯಿಸಿ ಕುಚ್ಚಲಕ್ಕಿ ಮಾಡುವ ಗಿರಣಿ. ಬೇಯಿಸಲು ಉಗಿ ಬೇಕು, ಉಗಿಗೆ ಉಮಿ, ಅಂದರೆ ಭತ್ತದ ಹೊಟ್ಟು, ಉರಿಸುವ ಒಂದು ಹಳೆಯ ಬಾಯ್ಲರ್. ಮೆಟ್ರಿಕ್ ಓದಿದ್ದ ನಾನು ಅಲ್ಲಿಯ ಮ್ಯಾನೇಜರ್. ಮಾಲೀಕರಾದ ಸಾಹುಕಾರರು ಕುಮಟೆಯಲ್ಲಿದ್ದರು, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಪ್ರಭುಗಳು ಭಟ್ಕಳದವರು. ಭಟ್ಕಳದಿಂದ ಮಿರ್ಜಾನದವರೆಗೆ ಇರುವ ಅಕ್ಕಿ ಗಿರಣಿ, ಹೆಂಚಿನ ಕಾರ್ಖಾನೆ, ಮಂಜುಗಡ್ಡೆ ಕಾರ್ಖಾನೆಗಳಿಗೆಲ್ಲ ಯಂತ್ರದ ಬಿಡಿಭಾಗ ಮಾರುವುದು ಅವರ ಉದ್ಯೋಗ. ಚೀಲದ ತುಂಬ ಯಂತ್ರದ ಚಕ್ರ ತಿರುಗಿಸುವ ಪಟ್ಟಾದ ತುಂಡು, ಕೊಳವೆಯ ಸಂದಿಗೆ ತುರುಕುವ ಹಗ್ಗ, ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆ, ಗ್ರೀಸಿನ ಡಬ್ಬ. ಅವರು ಬಸ್ಸು ಇಳಿದರೆ ಸಾಕು, ರಬ್ಬರಿನ ವಾಸನೆ ಅವರಿಗಿಂತ ಮೊದಲು ಒಳಗೆ ಬರುತ್ತಿತ್ತು.

ಆದರೆ ಗಿರಣಿಯ ಹೆಣ್ಣಾಳುಗಳೂ ಅವರನ್ನು 'ಅಮೆರಿಕ ಪ್ರಭುಗಳು' ಎಂದೇ ಕರೆಯುತ್ತಿದ್ದರು. ಅವರು ಅಮೆರಿಕದ ಮುಖ ಕಂಡವರಲ್ಲ. ಹರೆಯದಲ್ಲಿ ಮುಂಬಯಿಯ ಒಂದು ಗುಜರಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದಾಗ, ಒಡೆಯಲು ತಂದ ಯಾವುದೋ ಹಡಗಿನ ರದ್ದಿಯಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತ್ತಂತೆ. ಅಮೆರಿಕದ ಉಗಿಬಂಡಿಗಳ ಚರಿತ್ರೆ. ಅದಕ್ಕೆ ರಟ್ಟು ಇರಲಿಲ್ಲ, ಮೊದಲ ಹಾಳೆಗಳೂ ಹೋಗಿದ್ದವು. ಪ್ರಭುಗಳು ಆ ಪುಸ್ತಕವನ್ನು ಎಷ್ಟು ಸಲ ಓದಿದ್ದರೋ, ಆ ಚರಿತ್ರೆ ಅವರ ಬಾಯಲ್ಲಿ ಹೊನ್ನಾವರದಲ್ಲಿ ನಿನ್ನೆ ನಡೆದ ಜಗಳದ ಹಾಗೆ ಬರುತ್ತಿತ್ತು.

"ಹಾಗಾದ್ರೆ ಉಗಿ ಇಂಜಿನ್ ಮೊದ್ಲು ಮಾಡಿದ್ದು ಯಾರು ಪ್ರಭುಗಳೆ?" ಎಂದು ನಾನು ಒಮ್ಮೆ ಕೆಣಕಿದೆ.

"ಅದು ನನ್ನ ಪುಸ್ತಕದಲ್ಲಿ ಇಲ್ಲ ಮಾರಾಯ್ರೆ. ನಾ ಬರೂಷ್ಟರಲ್ಲಿ ಇಂಜಿನ್ ಓಡ್ತಾ ಉಂಟು."

ಅವರ ಕಥೆಗಳಿಗೆ ಒಂದು ರೋಗವಿತ್ತು. ಎಲ್ಲ ಕಥೆಯೂ ಕೊನೆಗೆ ಚೀಲದ ಹತ್ತಿರ ಬಂದು ನಿಲ್ಲುತ್ತಿತ್ತು. ಒಮ್ಮೆ ನಮ್ಮ ಯಂತ್ರದ ಪಟ್ಟಾ ಜಾರುತ್ತಿತ್ತು. ಪ್ರಭುಗಳು ಅದರ ಕಿರುಗುಟ್ಟುವಿಕೆ ಕೇಳಿದವರೇ ಶುರು ಮಾಡಿದರು.

"ಪೆನ್ಸಿಲ್ವೇನಿಯಾ ಅಂತ ಒಂದು ಸೀಮೆ. ಒಂದು ವರ್ಷ ಮಿಡತೆ ಬಿತ್ತು ನೋಡಿ, ಹಳಿಯೇ ಕಾಣೂದಿಲ್ಲ! ಚಕ್ರದ ಅಡಿಗೆ ಸಿಕ್ಕಿ ಅರೆದು ಹಳಿಗೆ ಎಣ್ಣೆ ಬಳಿದ ಹಾಂಗೆ ಆತು. ಇಂಜಿನ್ ನಿಂತಲ್ಲೇ ಚಕ್ರ ತಿರುಗಿಸ್ತದೆ, ಮುಂದೆ ಹೋಗೂದಿಲ್ಲ. ಜನ ಹಿಡಿಸೂಡಿ ಹಿಡ್ಕಂಡು ಅದ್ರ ಮುಂದೆ ಗುಡಿಸ್ಕಂಡು ಹೋದ್ರು. ಮದುಮಗಳ ಮುಂದೆ ಹೋದ ಹಾಂಗೆ! ಕಡೆಗೆ ಒಬ್ಬ ತಲೆ ಇದ್ದವ ಇಂಜಿನ್ನಿನ ಮೇಲೆ ಮರಳಿನ ಡಬ್ಬ ಕೂರಿಸಿದ. ಹಳಿ ಮೇಲೆ ಮರಳು ಬಿತ್ತು, ಚಕ್ರ ಕಚ್ಚಿತು, ಹೋಯ್ತು ಬಂಡಿ."

"ಅದಕ್ಕೂ ನಮಗೂ ಎಂತ ಸಂಬಂಧ?"

"ಅವರದ್ದು ಚಕ್ರ ಜಾರಿತು, ನಿಮ್ಮದು ಪಟ್ಟಾ ಜಾರ್ತದೆ. ಹಚ್ಚೂಕೆ ರಾಳದ ಡಬ್ಬ ತಂದಿದ್ದೆ" ಎಂದು ಚೀಲ ಬಿಚ್ಚಿದರು.

ಹೀಗಾಗಿ ಅವರು ಬಾಯಿ ತೆರೆದರೆ ನಾನು ಚೀಲ ನೋಡುತ್ತಿದ್ದೆ. ನನ್ನ ಸ್ವಭಾವವೇ ಹಾಗೆ. ತೂಕದವನನ್ನು, ಹಮಾಲರನ್ನು, ಭತ್ತ ತಂದ ರೈತನನ್ನು, ಎಲ್ಲರನ್ನೂ ಸಂಶಯದಿಂದ ನೋಡುವುದೇ ಮ್ಯಾನೇಜರಿಕೆ ಎಂದು ತಿಳಿದವನು ನಾನು. ಹೊನ್ನಾವರದ ಒಬ್ಬ ಮಾಸ್ತರರ ಹತ್ತಿರ ಈ ಮಿಡತೆಯ ಕಥೆ ನಿಜವೇ ಎಂದು ಕೇಳಿದ್ದೆ. ತಾವು ಕೇಳಿಲ್ಲ ಎಂದರು. ಅಂದ ಮೇಲೆ ಸುಳ್ಳೇ ಎಂದು ತೀರ್ಮಾನಿಸಿಬಿಟ್ಟೆ.

ಕೊಂಕಣ ರೈಲು ಮೊದಲು ನಮ್ಮ ಕಡೆ ಓಡಿದಾಗ ಊರಿಗೆ ಊರೇ ನೋಡಲು ಹೋಯಿತು. ಪ್ರಭುಗಳು ಅಂದು ಬೇಕೆಂದೇ ಹೊನ್ನಾವರಕ್ಕೆ ಬಂದು ನನ್ನನ್ನೂ ಎಳೆದುಕೊಂಡು ಹೋದರು. ಒಗೆದ ಧೋತರ, ಇಸ್ತ್ರಿ ಮಾಡಿದ ಕೋಟು. ರೈಲು ಬಂತು, ಡೀಸೆಲ್ ಇಂಜಿನ್. ಜನ ಕೂಗಿದರು, ಕೈ ಬೀಸಿದರು, ಕಾಯಿ ಒಡೆದರು. ಪ್ರಭುಗಳು ಇಂಜಿನ್ನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ಅಡಿಗೆಲ್ಲ ಬಗ್ಗಿ ನೋಡಿ ಬಂದರು.

"ಹ್ಯಾಂಗುಂಟು?" ಎಂದೆ.

"ಹುಲಿ ಅಂತ ಬಂದ್ರೆ ಕಪಾಟು! ಅಮೆರಿಕದಲ್ಲೂ ಹೀಗೇ ಆದದ್ದು. ಗುಡ್ಡ ಹತ್ತೂಕೆ ಅಂತ ಎರಡು ಇಂಜಿನ್ ಜೋಡಿಸಿ ಒಂದು ಮಾಡಿದ ಹಾಂಗಿನ ರಾಕ್ಷಸನ್ನ ಕಟ್ಟಿದ್ರು. ಅದು ಕಲ್ಲಿದ್ದಲು ತಿನ್ನೂದು ನೋಡೂಕೇ ಜನ ಬರ್ತಿದ್ರು. ಇಪ್ಪತ್ತು ವರ್ಷ ಆಗೂದ್ರೊಳಗೆ ಈ ಕಪಾಟು ಬಂತು, ರಾಕ್ಷಸ ಗುಜರಿಗೆ ಹೋದ." ಟೊಪ್ಪಿ ಸರಿಮಾಡಿಕೊಂಡು, "ಇದಕ್ಕೆ ಮಾರೂಕೆ ನನ್ನ ಚೀಲದಲ್ಲಿ ಎಂತದೂ ಇಲ್ಲ ನಾಯ್ಕರೆ" ಎಂದರು. ಅವರ ಮುಖ ನೋಡಿ ನನಗೆ ನಗು ಬಂದಿತ್ತು. ಇಂದು ನೆನೆದರೆ ನಗು ಬರುವುದಿಲ್ಲ. ಅವರಿಗೆ ಉಗಿ ಎಂದರೆ ಬರೀ ವ್ಯಾಪಾರವಾಗಿರಲಿಲ್ಲ ಎಂದು ನಾನು ಅಂದೇ ತಿಳಿಯಬಹುದಿತ್ತು. ತಿಳಿಯಲಿಲ್ಲ.

ಈಗ ಬಾಯ್ಲರಿನ ವಿಷಯ. ಅದರ ನೆತ್ತಿಯ ಮೇಲೆ ಸೇಫ್ಟಿ ವಾಲ್ವ್ ಎಂದು ಒಂದು ಇತ್ತು. ಹಳೆಯ ಕಾಲದ್ದು. ಒಂದು ಉದ್ದ ಸನ್ನೆಕೋಲು, ಅದರ ತುದಿಗೆ ಕಬ್ಬಿಣದ ಗುಂಡು. ಒಳಗೆ ಉಗಿಯ ಒತ್ತಡ ಹೆಚ್ಚಾದರೆ ಸನ್ನೆ ಮೇಲೆದ್ದು ಉಗಿ ಹೊರಗೆ ಹೋಗುತ್ತದೆ. ಹೋಗುವಾಗ ಹಾವು ಭುಸುಗುಟ್ಟಿದ ಹಾಗೆ ಸದ್ದು, ಹೆದ್ದಾರಿಯವರೆಗೂ ಕೇಳುತ್ತಿತ್ತು. ಸಾಹುಕಾರರಿಗೆ ಆ ಸದ್ದು ಆಗುತ್ತಿರಲಿಲ್ಲ. "ನಾಯ್ಕ, ಅದು ಉಗಿ ಹೋಗೂದಲ್ಲ, ನನ್ನ ಉಮಿ ಹೋಗೂದು. ಎಂತಾದ್ರೂ ಮಾಡು" ಎನ್ನುತ್ತಿದ್ದರು. ಸುಗ್ಗಿ ಮುಗಿದು ಭತ್ತ ರಾಶಿ ಬಿದ್ದಿದ್ದ ಒಂದು ವರ್ಷ ನಾನು ಎಂತಾದರೂ ಮಾಡಿದೆ. ಭತ್ತ ತೂಗುವ ದೊಡ್ಡ ತಕ್ಕಡಿಯ ಒಂದು ಕಬ್ಬಿಣದ ತೂಕದ ಕಲ್ಲನ್ನು ತಂದು ಆ ಸನ್ನೆಯ ತುದಿಗೆ ತಂತಿಯಲ್ಲಿ ಕಟ್ಟಿದೆ. ಸದ್ದು ನಿಂತಿತು. ಭತ್ತವೂ ಬೇಗ ಬೇಯತೊಡಗಿತು.

ಬಾಯ್ಲರಿಗೆ ಉಮಿ ಹಾಕಿ ನೀರು ನೋಡಿಕೊಳ್ಳುತ್ತಿದ್ದವನು ಮಾವಿನಕುರ್ವೆಯ ಜಟ್ಟಪ್ಪ. ಮಾತು ಕಡಿಮೆ. ಕಲ್ಲು ಕಟ್ಟುವಾಗ ಅವನು ಕೆಳಗೆ ನಿಂತು ನೋಡುತ್ತಿದ್ದ.

"ಒಡ್ಯಾ, ಇದು ಬ್ಯಾಡಾಗಿತ್ತು."

"ಸಾವ್ಕಾರ್ರು ಹೇಳಿದ್ದು. ನೀ ನಿನ್ನ ನೀರು ನೋಡು ಸಾಕು" ಎಂದೆ. ಕಲ್ಲು ಕಟ್ಟು ಎಂದು ಸಾಹುಕಾರರು ಹೇಳಿರಲಿಲ್ಲ.

ಕೆಲವು ದಿನಗಳಲ್ಲೇ ಪ್ರಭುಗಳು ಬಂದರು. ಚಿಮಣಿ ನೋಡಿದರು. ಎಂದಿನಂತೆ ಬಾಯ್ಲರಿನ ಕಡೆ ಕಣ್ಣು ಹಾಯಿಸಿದವರು ಅಲ್ಲೇ ನಿಂತರು. ಮೇಜಿನ ಹತ್ತಿರ ಬಂದು ಕೂತರೂ ಟೊಪ್ಪಿ ತೆಗೆಯಲಿಲ್ಲ.

"ನಾಯ್ಕರೆ, ಆ ಕಲ್ಲು ಇವತ್ತೇ ತೆಗೀರಿ."

"ಯಾವ ಕಲ್ಲು?"

"ಸೌತ್ ಕೆರೊಲಿನಾದಲ್ಲಿ ಒಂದು ಇಂಜಿನ್ ಇತ್ತು. ಅಮೆರಿಕದವ್ರು ತಾವೇ ಮಾಡಿ ಜನ ಕೂರಿಸಿ ದಿನಾ ಓಡಿಸಿದ ಮೊದಲಿನದ್ದು. 'ಬೆಸ್ಟ್ ಫ್ರೆಂಡ್' ಅಂತ ಅದ್ರ ಹೆಸರು. ಅದಕ್ಕೆ ಬೆಂಕಿ ಹಾಕೂಕೆ ಒಬ್ಬ ಗುಲಾಮ, ಕರಿಯ ಆಳು. ಇಂಜಿನ್ ನಿಂತಾಗೆಲ್ಲ ವಾಲ್ವ್ ಭುಸ್ ಅಂತಿತ್ತು. ಅವನಿಗೆ ಆ ಸದ್ದು ತಡೀಲಿಲ್ಲ ಅಂತೆ. ಡ್ರೈವರ್ ಆಚೆ ಹೋದಾಗ ವಾಲ್ವಿನ ಸನ್ನೆ ಮೇಲೆ ತಾನೇ ಕೂತ. ಸದ್ದು ನಿಂತಿತು. ಆಮೇಲೆ ಬಾಯ್ಲರ್ ಹಾರಿತು." ಇಷ್ಟು ಹೇಳಿ, ನನ್ನ ಮುಖ ನೋಡಿ, ಒಂದು ಉಸಿರೂ ಬಿಡದೆ ಮುಂದುವರಿಸಿದರು: "ಈ ಸನ್ನೆ ವಾಲ್ವೇ ಹಳೇದಾತು. ಸ್ಪ್ರಿಂಗಿನ ಹೊಸಾದು ಬಂದದೆ, ಯಾರಿಗೂ ಕಲ್ಲು ಕಟ್ಟೂಕಾಗೂದಿಲ್ಲ. ಮುಂಬಯಿಂದ ತರಿಸಿ ಕೊಡ್ತೆ."

ಆ ಕೊನೆಯ ಮಾತು ಕೇಳಿದ್ದೇ ನನಗೆ ಎಲ್ಲವೂ ಸ್ಪಷ್ಟವಾದ ಹಾಗಾಯಿತು. ಮಿಡತೆಯ ಹಿಂದೆ ರಾಳದ ಡಬ್ಬ, ಗುಲಾಮನ ಹಿಂದೆ ಹೊಸ ವಾಲ್ವ್.

"ಅಂದು ಮಿಡತೆ ತಂದ್ರಿ, ಇವತ್ತು ಗುಲಾಮ. ನಾಳೆ ಯಾರನ್ನ ಕರ್ಕಂಡ್ ಬರ್ತ್ರಿ ಪ್ರಭುಗಳೆ?" ಎಂದು ನಕ್ಕೆ. ಮೇಜಿನ ಸುತ್ತ ಇದ್ದ ಹಮಾಲರೂ ನಕ್ಕರು. ಪ್ರಭುಗಳು ನಗಲಿಲ್ಲ. ಅಂದು ನಾನು ಅವರಿಗೆ ಚಾ ತರಿಸಲಿಲ್ಲ. ಅವರು ಹೋದ ಮೇಲೆ ಇನ್ನೊಂದು ಸಂಶಯ ಹುಟ್ಟಿತು: ವಾಲ್ವ್ ಕೊಳ್ಳದಿದ್ದರೆ ಈ ಮನುಷ್ಯ ಬಾಯ್ಲರ್ ತಪಾಸಣೆಗೆ ಬರುವ ಸಾಹೇಬರ ಕಿವಿಗೆ ಹಾಕಿದರೆ? ಇನ್ನು ಮೇಲೆ ಪ್ರಭುಗಳು ಬಂದರೆ ನಾನಿಲ್ಲ ಎಂದು ಹೇಳುವಂತೆ ಗೇಟಿನವನಿಗೆ ತಾಕೀತು ಮಾಡಿದೆ. ಮನುಷ್ಯನನ್ನು ತಡೆಯುವುದು ತಿಳಿಯಿತು. ಕಲ್ಲನ್ನು ಬಿಚ್ಚುವುದು ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಅದು ಆಯಿತು. ಬಾಯ್ಲರ್ ಒಡೆಯಲಿಲ್ಲ. ಒಡೆದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಉಗಿಯ ದೊಡ್ಡ ಕೊಳವೆಯ ಜೋಡಣೆ ಕಿತ್ತು ಹೋಯಿತು. ಅದರ ಎದುರಿಗೆ ಜಟ್ಟಪ್ಪ ಇದ್ದ. ಬಿಳಿ ಮೋಡದ ಒಳಗಿನಿಂದ ಅವನ ಕೂಗು ಕೇಳಿತು, ಅವನು ಕಾಣಲಿಲ್ಲ. ಎಡಗೈ, ಎಡ ಕೆನ್ನೆ, ಎಡಗಣ್ಣು ಬೆಂದು ಹೋದವು. ಆಳುಗಳೆಲ್ಲ ಅವನನ್ನು ಗೋಣಿಯ ಮೇಲೆ ಮಲಗಿಸಿ ಹೆದ್ದಾರಿಗೆ ಹೊತ್ತುಕೊಂಡು ಓಡಿದರು, ಹೊನ್ನಾವರದ ಕಡೆ ಹೋಗುವ ಯಾವುದಾದರೂ ಗಾಡಿ ತಡೆಯಲು.

ನಾನು ಓಡಲಿಲ್ಲ. ಗಿರಣಿಯಲ್ಲಿ ಯಾರೂ ಇಲ್ಲದ್ದನ್ನು ನೋಡಿ, ಉಗಿಯೆಲ್ಲ ಹೋಗಿ ತಣ್ಣಗಾಗುತ್ತಿದ್ದ ಬಾಯ್ಲರಿನ ಏಣಿ ಹತ್ತಿ, ತಂತಿ ಬಿಚ್ಚಿ, ಕಲ್ಲನ್ನು ಗೋಣಿತಾಟಿನಲ್ಲಿ ಹಿಡಿದು ಇಳಿಸಿದೆ. ತಕ್ಕಡಿಯ ಪಕ್ಕ ಅದರ ಜಾಗದಲ್ಲಿ ಇಟ್ಟೆ. ಗಿರಣಿ ಮತ್ತೆ ಶುರುವಾದ ದಿನ ಅದೇ ಕಲ್ಲಿನಿಂದ ಭತ್ತ ತೂಗಿದರು.

ಸಾಹುಕಾರರು ಬಂದು ಕೇಳಿದಾಗ ಹೇಳಿದೆ: "ಊಟ ಆದ ಮೇಲೆ ಅಂವ ಜೋಂಪಿಗೆ ಬಿದ್ದಿದ್ದ. ನೀರು ನೋಡ್ಲಿಲ್ಲ." ತಪಾಸಣೆಗೆ ಬಂದವರ ಹತ್ತಿರವೂ ಅದನ್ನೇ ಹೇಳಿದೆ. ಸಾಹುಕಾರರು ಆಸ್ಪತ್ರೆಯ ಖರ್ಚು ನೋಡಿಕೊಂಡು, ಅವನನ್ನು ಕೆಲಸದಿಂದ ತೆಗೆದುಹಾಕಿದರು. ಜಟ್ಟಪ್ಪ ಗುಣವಾಗಿ ಬಂದ ಮೇಲೆ ಬೇರೆ ಗಿರಣಿ, ಕಾರ್ಖಾನೆಗಳಲ್ಲಿ ಕೆಲಸ ಕೇಳಿದನಂತೆ. 'ಬಾಯ್ಲರಿನ ಮುಂದೆ ಮಲಗಿದವ' ಎಂಬ ಮಾತು ಅವನಿಗಿಂತ ಮೊದಲು ಆಯಾ ಗೇಟು ತಲುಪಿರುತ್ತಿತ್ತು. ಬೆರಳು ಮಡಚಲು ಬಾರದ ಎಡಗೈಯಲ್ಲಿ ಬಲೆ ನೇಯುವುದಕ್ಕೂ ಆಗುತ್ತಿರಲಿಲ್ಲ. ಅವನ ಹೆಂಡತಿ ಮಾದೇವಿ ಹೊನ್ನಾವರದ ಪೇಟೆಯಲ್ಲಿ ಒಣಮೀನು ಮಾರಿ ಮನೆ ನಡೆಸತೊಡಗಿದಳು. ಅವಳು ಕೂರುವ ಬೀದಿಯಲ್ಲಿ ನಾನು ಹೋಗುವುದನ್ನು ಬಿಟ್ಟೆ.

ಮಳೆಗಾಲ ಕಳೆದು ಪ್ರಭುಗಳು ಮತ್ತೆ ಬಂದರು. ಗೇಟಿನವನಿಗೆ ನನ್ನ ತಾಕೀತು ಮರೆತುಹೋಗಿತ್ತು. ಜಟ್ಟಪ್ಪನ ಸುದ್ದಿ ಕೇಳಿದರು. ನಾನು ಸಾಹುಕಾರರಿಗೆ ಹೇಳಿದ್ದನ್ನೇ ಹೇಳಿದೆ. ಅವರು ತಲೆ ಅಲ್ಲಾಡಿಸಲಿಲ್ಲ, ಹೌದು ಎನ್ನಲಿಲ್ಲ. ಚೀಲ ಕೆಳಗಿಟ್ಟು ಹೇಳಿದರು.

"ಆ ಗುಲಾಮನ ಕಥೆ ಹೇಳಿದ್ನಲ್ಲ. ಇಷ್ಟು ವರ್ಷ ಓದಿದೆ, ಒಂದು ವಿಷಯ ಈಗ ಹೊಳೀತು. ಅಂವ ಸತ್ತ. ಡ್ರೈವರ್ ಅಲ್ಲಿರಲಿಲ್ಲ ಅಂತ ಪುಸ್ತಕವೇ ಹೇಳ್ತದೆ. ಹಾಗಾದ್ರೆ ಅಂವ ವಾಲ್ವಿನ ಮೇಲೆ ಕೂತದ್ದು ಕಂಡವ್ರು ಯಾರು?"

ನಾನು ಲೆಕ್ಕದ ಪುಸ್ತಕದ ಹಾಳೆ ತಿರುಗಿಸಿದೆ.

"ಅಂವನ ಹೆಸರೂ ಬರೀಲಿಲ್ಲ ನಾಯ್ಕರೆ. ಇಂಜಿನ್ನಿನ ಹೆಸರುಂಟು, ಡ್ರೈವರಿನ ಹೆಸರುಂಟು. ಆ ಇಂಜಿನ್ನಿನ ಚೂರು ಹೆಕ್ಕಿ ಮತ್ತೆ ಕಟ್ಟಿ ಅದಕ್ಕೆ ಹೊಸ ಹೆಸರೂ ಇಟ್ರು. ಆಮೇಲೆ ಜನ ಹೆದ್ರದೇ ಇರ್ಲಿ ಅಂತ ಇಂಜಿನ್ನಿಗೂ ಜನ ಕೂರೂ ಡಬ್ಬಿಗೂ ನಡುವೆ ಹತ್ತಿಯ ಹೊರೆ ಒಟ್ಟಿದ ಒಂದು ಬಂಡಿ ಹಾಕಿದ್ರಂತೆ. ಎಲ್ಲ ಬರೆದಿಟ್ರು. ಬೆಂಕಿ ಹಾಕಿದವಂದು ಬರೀ ತಪ್ಪು ಮಾತ್ರ ಬರೆದಿಟ್ರು."

ಅಂದು ಅವರು ಚೀಲ ಬಿಚ್ಚಲೇ ಇಲ್ಲ. ಮುಂದಿನ ಸಲವೂ ಬಿಚ್ಚಲಿಲ್ಲ. ಬರುತ್ತಿದ್ದರು, ಕೂರುತ್ತಿದ್ದರು. ಪೂರ್ವದಿಂದ ಬಂದ ಹಳಿ, ಪಶ್ಚಿಮದಿಂದ ಬಂದ ಹಳಿ ಮರುಭೂಮಿಯಲ್ಲಿ ಕೂಡಿದ ಕಥೆ, ಚಿನ್ನದ ಮೊಳೆ ಹೊಡೆಯುವ ದಿನ ದೊಡ್ಡ ಮನುಷ್ಯ ಸುತ್ತಿಗೆ ಬೀಸಿ ಮೊಳೆ ತಪ್ಪಿ ಮರದ ದಿಮ್ಮಿಗೆ ಹೊಡೆದ ಕಥೆ, ಜನರಿಗೆ ತಮಾಷೆ ತೋರಿಸಲೆಂದು ಟೆಕ್ಸಾಸಿನಲ್ಲಿ ಎರಡು ಇಂಜಿನ್ನುಗಳನ್ನು ಎದುರುಬದುರು ಓಡಿಸಿ ಗುದ್ದಿಸಿ, ನೋಡಲು ಬಂದವರೇ ಸತ್ತ ಕಥೆ. ಹೇಳಿ ಎದ್ದು ಹೋಗುತ್ತಿದ್ದರು. ಏನನ್ನೂ ಮಾರದ ವ್ಯಾಪಾರಿಯಷ್ಟು ಹೆದರಿಸುವ ಪ್ರಾಣಿ ಇಲ್ಲ. ಕಥೆಯ ಒಂದೊಂದು ಮಾತನ್ನೂ ನಾನು ತಿರುಗಿಸಿ ನೋಡುತ್ತಿದ್ದೆ. ಗುದ್ದಿಸಿದವನು ಎಂದರೆ ನಾನೇ? ಮೊಳೆ ತಪ್ಪಿದವನು ಎಂದರೆ ನಾನೇ? ಅವರು ಆಗಾಗ ಮಾವಿನಕುರ್ವೆಗೂ ಹೋಗಿ ಬರುತ್ತಾರೆಂದು ಯಾರೋ ಹೇಳಿದ ಮೇಲಂತೂ ನನಗೆ ಅನ್ನ ರುಚಿಸಲಿಲ್ಲ. ಜಟ್ಟಪ್ಪ ಕಲ್ಲಿನ ವಿಷಯ ಹೇಳಿದ್ದಾನೆ, ಇವರು ಸಮಯ ಕಾಯುತ್ತಿದ್ದಾರೆ, ಒಂದು ದಿನ ಬೆಲೆ ಕೇಳುತ್ತಾರೆ. ಆ ದಿನಕ್ಕಾಗಿ ನಾನು ವರ್ಷಗಟ್ಟಲೆ ಕಾದೆ. ಅದು ಬರಲೇ ಇಲ್ಲ.

ಆಮೇಲೆ ಸಾಹುಕಾರರು ತೀರಿಕೊಂಡರು, ಗಿರಣಿ ಮುಚ್ಚಿತು, ಬಾಯ್ಲರನ್ನು ಗುಜರಿಯವರು ಲಾರಿಗೆ ಹೇರಿದರು. ಇನ್ನು ಹೆದರಲು ಏನೂ ಉಳಿದಿರಲಿಲ್ಲ. ಆದರೂ ಆ ಮನುಷ್ಯನಿಗೆ ಏನು ಗೊತ್ತಿತ್ತು ಎಂಬುದು ತಿಳಿಯದೆ ಜೀವಕ್ಕೆ ಸಮಾಧಾನವಿರಲಿಲ್ಲ. ಒಂದು ಬೇಸಗೆಯಲ್ಲಿ ಭಟ್ಕಳದ ಬಸ್ಸು ಹತ್ತಿದೆ.

ಪ್ರಭುಗಳು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಸಕ್ಕರೆ ಕಾಯಿಲೆಯಿಂದ ಒಂದು ಪಾದಕ್ಕೆ ಬಟ್ಟೆ ಸುತ್ತಿತ್ತು. ತಲೆಯ ಮೇಲೆ ಟೊಪ್ಪಿ ಇಲ್ಲದೆ ಗುರುತೇ ಸಿಗುವಂತಿರಲಿಲ್ಲ. ನನ್ನನ್ನು ಕಂಡು ಒಳಗೆ ತಿರುಗಿ ಕೊಂಕಣಿಯಲ್ಲಿ ಚಾಕ್ಕೆ ಹೇಳಿದರು. ನಾನು ಚಾ ಬರುವವರೆಗೂ ಕಾಯಲಿಲ್ಲ.

"ಪ್ರಭುಗಳೆ, ಕಲ್ಲಿನ ವಿಷಯ ನಿಮಗೆ ಜಟ್ಟಪ್ಪ ಹೇಳಿದ್ನಾ?"

"ಅಂವ ಎಂತದೂ ಹೇಳ್ಲಿಲ್ಲ. ಕಲ್ಲು ನಾನೇ ಕಂಡಿದ್ನಲ್ಲ. ಅದನ್ನ ತೆಗೀರಿ ಅಂತ ನಿಮ್ಮ ಹತ್ರ ನಾನೇ ಹೇಳಿದ್ದಲ್ದಾ?"

"ಮತ್ತೆ ಆಮೇಲೆ ಎಂತಕ್ಕೆ ಬರ್ತಿದ್ರಿ? ನನ್ನ ಹೆದರ್ಸೂಕಾ?"

ಅವರು ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ಕೋಪವಿರಲಿಲ್ಲ, ಆಶ್ಚರ್ಯವಿತ್ತು.

"ನಿಮ್ಮನ್ನ ಹೆದರ್ಸೂಕೆ ನಾ ಯಾರು ಮಾರಾಯ್ರೆ? ನಾನೇ ಹೆದ್ರಿ ಬರ್ತಿದ್ದೆ. ಅವತ್ತು ಕಲ್ಲು ತೆಗೀರಿ ಅಂತ ಹೇಳಿ ಬಾಯಿ ಮುಚ್ಚಿದ್ರೆ ನೀವು ತೆಗೀತಿದ್ರೇನೋ. ನಾ ಹೊಸ ವಾಲ್ವಿನ ಮಾತು ತೆಗೆದೆ. ಜೀವದ ಮಾತಾಡೂವಾಗ್ಲೂ ನನಗೆ ಮಾರಾಟವೇ ಬಾಯಿಗೆ ಬಂತು. ನೀವು ನಕ್ರಿ. ನಾನಾದ್ರೂ ನಗ್ತಿದ್ದೆ. ಆಮೇಲೆ ಸಿಟ್ಟು ಮಾಡ್ಕಂಡು ಮನೆಗೆ ಬಂದೆ. ಇನ್ನೊಂದು ಸಲ ಬಂದು ಹೇಳಲಿಲ್ಲ." ಬಟ್ಟೆ ಸುತ್ತಿದ ಪಾದವನ್ನು ಸ್ವಲ್ಪ ಸರಿಸಿದರು. "ಅದನ್ನ ನಿಮ್ಮ ಹತ್ರ ಹೇಳ್ವ ಅಂತ ಪ್ರತಿ ಸಲ ಬರ್ತಿದ್ದೆ. ಮೇಜಿನ ಎದ್ರು ಕೂತ್ರೆ ಇಂಜಿನ್ ಬಿಟ್ಟು ಬೇರೆ ಎಂತದೂ ಬಾಯಿಗೆ ಬರ್ತಿರಲಿಲ್ಲ."

ಇಷ್ಟು ವರ್ಷ ನಾನು ಕಥೆಯ ಹಿಂದೆ ಬಲೆ ಹುಡುಕಿದ್ದೆ. ಅವರು ನನ್ನೆದುರು ಕೂತು ತಮ್ಮ ತಪ್ಪು ಹೇಳಲಾರದೆ ಅಮೆರಿಕ ಸುತ್ತುತ್ತಿದ್ದರು. ನಾನು ಆಗ ಅವರಿಗೆ ಉಳಿದದ್ದನ್ನು ಹೇಳಿದೆ. ಏಣಿ ಹತ್ತಿದ್ದು, ಕಲ್ಲು ಇಳಿಸಿದ್ದು, ಜೋಂಪು ಎಂದದ್ದು. ಚಾ ತಂದ ಸೊಸೆ ಬಾಗಿಲಲ್ಲೇ ನಿಂತವಳು ಲೋಟ ಇಟ್ಟು ಒಳಗೆ ಹೋದಳು.

ಪ್ರಭುಗಳು ಬೈಯಲಿಲ್ಲ. "ಇದು ನನಗೆ ಕೊಡೂ ಸಾಮಾನಲ್ಲ" ಎಂದರು. "ಮಾವಿನಕುರ್ವೆಗೆ ಕೊಡೂದು. ನಂದೂ ಒಂದಷ್ಟುಂಟು. ಇಬ್ರೂ ಸೇರಿ ಹೋಗ್ವ, ಆತಾ?"

"ಆತು. ಮಳೆ ಒಂದು ಮುಗೀಲಿ."

ಮಳೆ ಶುರುವಾಗಲು ಇನ್ನೂ ಬಹಳ ದಿನಗಳಿದ್ದವು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ನನ್ನನ್ನು ಮೆಟ್ಟಿಲವರೆಗೆ ಕಳಿಸಲು ಏಳಹೋಗಿ, ಏಳಲಾರದೆ ಕೂತರು.

ಮಳೆ ಬಂತು, ಮುಗಿಯಿತು. ಕಾಲು ಕತ್ತರಿಸಬೇಕೆಂದು ಪ್ರಭುಗಳನ್ನು ಮಣಿಪಾಲಕ್ಕೆ ಕರೆದೊಯ್ದರಂತೆ, ಅಲ್ಲಿಂದ ಅವರು ತಿರುಗಿ ಬರಲಿಲ್ಲ. ನನಗೆ ಸುದ್ದಿ ತಿಳಿದದ್ದು ಕ್ರಿಯೆಯೆಲ್ಲ ಮುಗಿದ ಮೇಲೆ.

ಮಾವಿನಕುರ್ವೆಗೆ ಒಬ್ಬನೇ ಹೋದೆ. ಜಟ್ಟಪ್ಪ ಅಂಗಳದಲ್ಲಿ ಬಲಗೈಯಿಂದ ಮೀನು ಹರವುತ್ತಿದ್ದ, ಮಾದೇವಿ ಕಾಗೆ ಓಡಿಸುತ್ತಿದ್ದಳು. ನನ್ನನ್ನು ಕಂಡು ಅವನು ಎದ್ದು ನಿಂತ. ನನ್ನ ಹಿಂದೆ ಇಣುಕಿ ನೋಡಿದ.

"ಪ್ರಭುಗಳು ಬರ್ಲಿಲ್ವಾ ಒಡ್ಯಾ? ನಿಮ್ಮನ್ನ ಕರ್ಕಂಡ್ ಬರ್ತೆ ಹೇಳಿ ಮೊನ್ನೆ ಬ್ಯಾಸಿಗೇಲಿ ಹೇಳಿ ಕಳ್ಸಿದ್ರು."

ಅವರು ಇನ್ನಿಲ್ಲ ಎಂದು ಹೇಳಿದೆ. ಅವನು ಮೀನಿನ ಬುಟ್ಟಿ ಕೆಳಗಿಟ್ಟ. ನಾನು ನಿಂತುಕೊಂಡೇ ನನ್ನದನ್ನು ಹೇಳಿ ಮುಗಿಸಿದೆ. ಪ್ರಭುಗಳ ಪಾಲಿನದನ್ನೂ ಅವರ ಮಾತಲ್ಲೇ ಹೇಳಿದೆ. ಜಟ್ಟಪ್ಪ ನೆಲ ನೋಡುತ್ತಿದ್ದ. ಮಾತಾಡಿದವಳು ಮಾದೇವಿ.

"ಇಲ್ಲಿ ಬಂದು ಎಂತಕ್ಕೆ ಹೇಳ್ತ್ರಿ? ಇವ್ರಿಗೆ ಗೊತ್ತಿತ್ತು, ನಂಗೆ ಗೊತ್ತಿತ್ತು. ಗೊತ್ತಿಲ್ದೆ ಇದ್ದವ್ರ ಹತ್ರ ಹೋಗಿ ಹೇಳ್ರಿ."

ಅವಳು ಹೇಳಿದ್ದು ಸರಿ. ಸಾಹುಕಾರರಿಗೆ ಹೇಳಲು ಅವರಿಲ್ಲ. ಅವನನ್ನು ತಿರುಗಿ ಕಳಿಸಿದ ಗೇಟುಗಳಲ್ಲಿ ಎಷ್ಟೋ ಇಂದು ಇಲ್ಲ, ಇದ್ದಲ್ಲಿ ನಿಂತವರು ಬೇರೆ. ಈ ಮಾತನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರಾಗಿದ್ದ ಪ್ರಭುಗಳೂ ಇಲ್ಲ. ಗೊತ್ತಿಲ್ಲದವರೆಂದು ನನಗೆ ಉಳಿದಿರುವವರು ಇದನ್ನು ಓದುತ್ತಿರುವ ನೀವು.

ಮಾವಿನಕುರ್ವೆಯ ಜಟ್ಟಪ್ಪ ಆ ಮಧ್ಯಾಹ್ನ ಮಲಗಿರಲಿಲ್ಲ. ಬಾಯ್ಲರಿ‌ನ ನೀರು ಸರಿಯಾಗಿತ್ತು. ಕಲ್ಲು ಕಟ್ಟಿದವನು ನಾನು.